ಒಂದು ಮುರಿದ ಹಲ್ಲು: ಕರ್ನಲ್ ಜಿಮ್ ಕಾರ್ಬೆಟ್ ಅವರ ಬದುಕು



ಈ ಸಂಚಿಕೆಯ ಯುವಜನರ ಪುಟದಲ್ಲಿ ಜಿಮ್ ಕಾರ್ಬೆಟ್ ಅವರ ಬದುಕನ್ನು ನೋಡೋಣ. ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಉತ್ತರಾಖಂಡದ ರಾಷ್ಟ್ರೀಯ ಉದ್ಯಾನಕ್ಕೆ ಅವರ ಹೆಸರಿದೆ. ನರಭಕ್ಷಕ ಹುಲಿಗಳನ್ನು ಹೊಡೆದ ಬೇಟೆಗಾರ ಎಂದೂ ಕೇಳಿರುತ್ತೀರಿ. ಅವರು ಸೈನ್ಯದಲ್ಲಿ ಕ್ಯಾಪ್ಟನ್, ಮೇಜರ್, ಕೊನೆಗೆ ಕರ್ನಲ್ ಎನಿಸಿಕೊಂಡವರು ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಅವರ ಕೈಗೆ ಮೊದಲ ಒಳ್ಳೆಯ ಬಂದೂಕು ಬಂದದ್ದು ಸೈನ್ಯದಿಂದಲೇ. ವಯಸ್ಸಾದ ಮೇಲೆ ಸೈನ್ಯಕ್ಕೆ ಕಾಡಿನ ಪಾಠ ಹೇಳಿಕೊಟ್ಟವರೂ ಅವರೇ.

ತಾಳವಾಡಿ, ಗೂಡಲೂರು, ವಯನಾಡು ಕಡೆ ಬದುಕುವ ನಮಗೆ ಹುಲಿ, ಚಿರತೆ, ಆನೆಗಳು ಪುಸ್ತಕದ ಪ್ರಾಣಿಗಳಲ್ಲ. ಸಂಜೆಯಾದ ಮೇಲೆ ಹೊಲದ ಕಡೆ ಹೋಗಬೇಕಾದರೆ ಎರಡು ಸಲ ಯೋಚಿಸುವವರು ನಾವು. ಹಾಗಾಗಿ ಕಾರ್ಬೆಟ್ ಕತೆಯನ್ನು ಸಾಹಸದ ಕತೆಯಾಗಿ ಮಾತ್ರ ಓದಿ ಮುಗಿಸಲು ನಮಗೆ ಆಗುವುದಿಲ್ಲ. ಗುಂಡು ಹಾರಿಸಿದವನ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಅವರ ಬದುಕಿನ ಉದ್ದಕ್ಕೂ ಕಾಣುತ್ತದೆ. ಆ ಪ್ರಶ್ನೆ ನಮ್ಮದೂ ಹೌದು.

ಸೈನ್ಯದ ಬಂದೂಕು, ಹುಡುಗನ ಕೈ

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ 1875ರ ಜುಲೈ 25ರಂದು ನೈನಿತಾಲ್‌ನಲ್ಲಿ ಹುಟ್ಟಿದರು. ತಂದೆ ಕ್ರಿಸ್ಟೋಫರ್ ವಿಲಿಯಂ ಮೊದಲು ಸೈನ್ಯದ ವೈದ್ಯಕೀಯ ವಿಭಾಗದಲ್ಲಿದ್ದು, ನಂತರ ನೈನಿತಾಲ್‌ನ ಪೋಸ್ಟ್‌ಮಾಸ್ಟರ್ ಆದವರು. ತಾಯಿ ಮೇರಿ ಜೇನ್. ಮನೆ ತುಂಬ ಮಕ್ಕಳು. ಜಿಮ್‌ಗೆ ಆರು ವರ್ಷ ತುಂಬುವ ಮೊದಲೇ, 1881ರಲ್ಲಿ ತಂದೆ ತೀರಿಕೊಂಡರು. ಬೇಸಿಗೆಗೆ ಬೆಟ್ಟಕ್ಕೆ ಬರುವ ಬ್ರಿಟಿಷರಿಗೆ ಮನೆ ಬಾಡಿಗೆಗೆ ಕೊಡಿಸುವ ಕೆಲಸ ಮಾಡಿ ತಾಯಿ ಸಂಸಾರ ನಡೆಸಿದರು. ಚಳಿಗಾಲದಲ್ಲಿ ಇಡೀ ಕುಟುಂಬ ಬೆಟ್ಟ ಇಳಿದು ಕಾಲಾಢುಂಗಿ ಎಂಬ ಊರಿಗೆ ಬರುತ್ತಿತ್ತು. ಅದರ ಸುತ್ತ ಕಾಡು. ಜಿಮ್ ಕಲಿತದ್ದು ಹೆಚ್ಚಾಗಿ ಅಲ್ಲಿಯೇ.

ಅಣ್ಣ ಟಾಮ್ ಬೇಟೆಗೆ ಕರೆದುಕೊಂಡು ಹೋಗುತ್ತಿದ್ದ. ಕುಂವರ್ ಸಿಂಗ್ ಎಂಬ ಹಳ್ಳಿಯ ಮುಖಂಡ, ಆ ಕಾಡಿನ ಹೆಸರುವಾಸಿ ಕಳ್ಳಬೇಟೆಗಾರ, ಹುಡುಗನಿಗೆ ಕಾಡಿನಲ್ಲಿ ಹೆದರದೆ ನಡೆಯುವುದನ್ನು ಕಲಿಸಿದ. ಮೊದಲು ಕೈಗೆ ಬಂದದ್ದು ಕವಣೆ. ಆಮೇಲೆ ನಂಟರೊಬ್ಬರು ಕೊಟ್ಟ ಹಳೆಯ ಜೋಡಿ ನಳಿಗೆಯ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಬೇಕಾದ ಕಾಲದ್ದು ಅದು. ಒಂದು ನಳಿಗೆ ಸೀಳಿತ್ತು. ಹಿಡಿ ಬಿಟ್ಟುಹೋಗದಂತೆ ಹಿತ್ತಾಳೆ ತಂತಿ ಸುತ್ತಿದ್ದರು. ಇಂಥ ಕೋವಿಯಲ್ಲಿ ಒಂದು ಗುಂಡು ತಪ್ಪಿದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಪ್ರಾಣಿ ಕಾಡಿನೊಳಗೆ ಮಾಯ. ಹಾಗಾಗಿ ಹಾರಿಸುವ ಮುನ್ನ ಯೋಚಿಸಲೇಬೇಕು. ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಹತ್ತು ವರ್ಷಕ್ಕೆ ಜಿಮ್ ನೈನಿತಾಲ್ ವಾಲಂಟಿಯರ್ ರೈಫಲ್ಸ್‌ನ ಕೆಡೆಟ್ ತುಕಡಿ ಸೇರಿದ. ನಮ್ಮ ಕಾಲದ ಎನ್‌ಸಿಸಿಯಂತೆ ಅಂದುಕೊಳ್ಳಿ. ಆಗ ಸೈನ್ಯದಲ್ಲಿದ್ದ ಮಾರ್ಟಿನಿ ರೈಫಲ್ ಭುಜಕ್ಕೆ ಬಲವಾಗಿ ಒದೆಯುತ್ತಿತ್ತು. ಸಣ್ಣ ಹುಡುಗನಿಗೆ ಅದು ಭಾರ, ನೋವು. ಒಂದು ಗುರಿ ಸ್ಪರ್ಧೆಯ ದಿನ ಹುಡುಗ ಭಯದಿಂದ ತಡವರಿಸುತ್ತಿದ್ದಾಗ ನೋಡಲು ಬಂದಿದ್ದ ಸೈನ್ಯದ ದೊಡ್ಡ ಅಧಿಕಾರಿಯೊಬ್ಬರು ಪಕ್ಕಕ್ಕೆ ಬಂದು ಧೈರ್ಯ ಹೇಳಿದರು. ಅವರು ಮುಂದೆ ಫೀಲ್ಡ್ ಮಾರ್ಷಲ್ ಆದ ರಾಬರ್ಟ್ಸ್. ಹುಡುಗನ ಕೈ ಸ್ಥಿಮಿತಕ್ಕೆ ಬಂತು. ಇದಾದ ಮೇಲೆ, ಬಹಳ ಕಟ್ಟುನಿಟ್ಟಿನವನೆಂದು ಹೆಸರಾದ ಸಾರ್ಜೆಂಟ್ ಮೇಜರ್, ಅಭ್ಯಾಸಕ್ಕೆಂದು ಒಂದು ಸೈನ್ಯದ ರೈಫಲ್ಲನ್ನೇ ರಜೆಯಲ್ಲಿ ಮನೆಗೆ ಒಯ್ಯಲು ಕೊಟ್ಟ. ಆ ರೈಫಲ್‌ನಿಂದಲೇ ಜಿಮ್ ಕಾಲಾಢುಂಗಿಯ ಕಾಡಿನಲ್ಲಿ ತನ್ನ ಮೊದಲ ಚಿರತೆಯನ್ನು ಹೊಡೆದ.

ಸೈನ್ಯ ಮತ್ತು ಶಿಕಾರಿ

ಸೈನ್ಯ ಒಬ್ಬ ಹುಡುಗನಿಗೆ ರೈಫಲ್ ಕೊಟ್ಟು ಕಾಡಿಗೆ ಕಳಿಸಿತು ಎಂದರೆ ಇಂದು ಆಶ್ಚರ್ಯ. ಆ ಕಾಲದಲ್ಲಿ ಅದು ಸಹಜ. ಬ್ರಿಟಿಷ್ ಅಧಿಕಾರಿಗಳ ದೃಷ್ಟಿಯಲ್ಲಿ ಬೇಟೆ ಬರೀ ಮೋಜಲ್ಲ, ಸೈನಿಕನ ತರಬೇತಿಯ ಒಂದು ಭಾಗ. ಕುದುರೆ ಓಡಿಸುವುದು, ನೆಲದ ಏರುಪೇರು ಓದುವುದು, ಮರೆಯಲ್ಲಿ ಕಾಯುವುದು, ಗುರಿ ಹಿಡಿಯುವುದು ಎಲ್ಲ ಅಲ್ಲಿ ಕಲಿಯಬಹುದು ಎಂದು ಅವರು ನಂಬಿದ್ದರು. ರಜೆ ಸಿಕ್ಕರೆ ಕಾಡಿಗೆ ಹೊರಡುತ್ತಿದ್ದರು. ಮೆಸ್ಸಿನ ಗೋಡೆಗಳ ಮೇಲೆ ಕೊಂಬು, ತಲೆ, ಚರ್ಮಗಳು ತೂಗುತ್ತಿದ್ದವು. ಕುದುರೆ ಮೇಲೆ ಕೂತು ಭರ್ಜಿಯಿಂದ ಕಾಡುಹಂದಿ ತಿವಿಯುವ ಆಟಕ್ಕೆ ಮೀರತ್ ಕಡೆ ಕಾದಿರ್ ಕಪ್ ಎಂಬ ದೊಡ್ಡ ಸ್ಪರ್ಧೆಯೇ ಇತ್ತು. ಸ್ಕೌಟ್ಸ್ ಚಳವಳಿ ಆರಂಭಿಸಿದ ಬೇಡನ್ ಪೊವೆಲ್ ಸೈನ್ಯದ ಅಧಿಕಾರಿಯಾಗಿದ್ದಾಗ 1883ರಲ್ಲಿ ಆ ಕಪ್ ಗೆದ್ದವರು. 1889ರಲ್ಲಿ ಆ ಆಟದ ಬಗ್ಗೆ ಒಂದು ಪುಸ್ತಕವನ್ನೂ ಬರೆದರು.

ನಮ್ಮ ನೀಲಗಿರಿಯೂ ಇದಕ್ಕೆ ಹೊರತಾಗಿರಲಿಲ್ಲ. ಊಟಿಯ ಹುಲ್ಲುಗಾವಲುಗಳಲ್ಲಿ ಬೇಟೆನಾಯಿಗಳನ್ನು ಬಿಟ್ಟು ನರಿಗಳನ್ನು ಅಟ್ಟುವ ಊಟಿ ಹಂಟ್ ನಡೆಯುತ್ತಿತ್ತು. ವೆಲ್ಲಿಂಗ್ಟನ್ ದಂಡಿನ ಅಧಿಕಾರಿಗಳು ಅದರಲ್ಲಿ ಸೇರುತ್ತಿದ್ದರು. ಹೀಗೆ ಹೊಡೆಯುತ್ತಾ ಹೋದರೆ ಬೆಟ್ಟದಲ್ಲಿ ಪ್ರಾಣಿಗಳೇ ಉಳಿಯುವುದಿಲ್ಲ ಎಂಬುದು ಬೇಟೆಗಾರರಿಗೇ ಅರಿವಾಯಿತು. 1877ರಲ್ಲಿ ಅವರು ಒಂದು ಸಂಘ ಕಟ್ಟಿದರು. 1879ರಲ್ಲಿ ನೀಲಗಿರಿಗೆಂದೇ ಬೇಟೆಯನ್ನು ಮಿತಿಗೊಳಿಸುವ ಕಾನೂನು ಬಂತು.

ಬೇಟೆಗೆ ಹೋದವರೆಲ್ಲ ಒಳ್ಳೆಯ ಗುರಿಕಾರರಾಗಿರಲಿಲ್ಲ. ಗುಂಡು ತಗುಲಿ ಸಾಯದೆ ಓಡಿಹೋದ ಪ್ರಾಣಿಯನ್ನು ಹುಡುಕಿಕೊಂಡು ಹೋಗುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ರಜೆ ಮುಗಿಯುತ್ತಿತ್ತು, ಸಾಹೇಬರು ದಂಡಿಗೆ ಮರಳುತ್ತಿದ್ದರು. ಗಾಯಗೊಂಡ ಪ್ರಾಣಿ ಮಾತ್ರ ಹಳ್ಳಿಯವರ ಪಕ್ಕದಲ್ಲೇ ಉಳಿಯುತ್ತಿತ್ತು. ಇದರ ಬೆಲೆ ಎಷ್ಟು ಎಂಬುದನ್ನು ಕಾರ್ಬೆಟ್ ಕಣ್ಣಾರೆ ನೋಡಿದರು.

ಚಂಪಾವತ್‌ನ ಹೆಣ್ಣುಹುಲಿ

ಶಾಲೆ ಮುಗಿಸಿದ ಜಿಮ್ ಮನೆಯ ಖರ್ಚಿಗೆ ನೆರವಾಗಲು ರೈಲ್ವೆ ಸೇರಿದರು. ಮೊದಲು ಇಂಜಿನ್‌ಗಳಿಗೆ ಸೌದೆ ಒದಗಿಸುವ ಕೆಲಸ. ನಂತರ ಬಿಹಾರದ ಮೊಕಾಮೆ ಘಾಟ್‌ನಲ್ಲಿ ಗಂಗಾನದಿ ದಾಟಿಸುವ ಸರಕನ್ನು ಒಂದು ರೈಲಿನಿಂದ ಇನ್ನೊಂದಕ್ಕೆ ಸಾಗಿಸುವ ಗುತ್ತಿಗೆ. ಸುಮಾರು ಇಪ್ಪತ್ತು ವರ್ಷ ಅಲ್ಲಿದ್ದರು. ಕೂಲಿಗಳ ಜೊತೆ ತಾವೂ ಹೊರೆ ಹೊತ್ತು ದುಡಿದರು. ರಜೆ ಸಿಕ್ಕಾಗ ನೈನಿತಾಲ್‌ಗೆ ಬರುತ್ತಿದ್ದರು.

1907ರಲ್ಲಿ ಅವರಿಗೆ 32 ವರ್ಷ. ಕುಮಾವೂಂ ಬೆಟ್ಟಗಳಲ್ಲಿ ಒಂದು ಹೆಣ್ಣುಹುಲಿ ಜನರನ್ನು ತಿನ್ನುತ್ತಿತ್ತು. ಮೊದಲು ಅದು ನೇಪಾಳದಲ್ಲಿ 200 ಜನರನ್ನು ಕೊಂದಿತ್ತು. ಅಲ್ಲಿನ ಜನ ಆಯುಧ ಹಿಡಿದು ಗುಂಪುಗೂಡಿ ಅದನ್ನು ಗಡಿಯಾಚೆ ಓಡಿಸಿದ್ದರು. ಓಡಿಸಿದ್ದರಿಂದ ಹುಲಿ ಸಾಯಲಿಲ್ಲ, ಊರು ಬದಲಾಯಿಸಿತು ಅಷ್ಟೆ. ಕುಮಾವೂಂನಲ್ಲಿ ಇನ್ನೂ ಇನ್ನೂರಕ್ಕಿಂತ ಹೆಚ್ಚು ಜನ ಸತ್ತರು. ಸರ್ಕಾರ ಬಹುಮಾನ ಸಾರಿತು. ವಿಶೇಷ ಶಿಕಾರಿಗಳನ್ನು ನೇಮಿಸಿತು. ಅಲ್ಮೋರಾ ದಂಡಿನಿಂದ ಗೂರ್ಖಾ ಸಿಪಾಯಿಗಳನ್ನು ಕಳಿಸಿತು. ಯಾವುದೂ ಫಲ ಕೊಡಲಿಲ್ಲ.

ಕಾರ್ಬೆಟ್ ಅವರನ್ನು ಕೇಳಿಕೊಂಡಾಗ ಅವರು ಎರಡು ಷರತ್ತು ಹಾಕಿದರು. ಬಹುಮಾನ ರದ್ದಾಗಬೇಕು. ಶಿಕಾರಿಗಳೂ ಸಿಪಾಯಿಗಳೂ ಕಾಡಿನಿಂದ ಹಿಂದೆ ಸರಿಯಬೇಕು. ಹಣಕ್ಕಾಗಿ ಬಂದವನು ಎಂದು ಕರೆಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಇನ್ನೊಂದು ಕಾರಣ ಇನ್ನೂ ನೇರವಾದದ್ದು. ಬಂದೂಕು ಹಿಡಿದ ಅಷ್ಟೊಂದು ಜನ ಒಂದೇ ಕಾಡಿನಲ್ಲಿದ್ದರೆ ಯಾರದೋ ಗುಂಡು ತಮಗೇ ತಗುಲಬಹುದು ಎಂಬ ಚಿಂತೆ!

ಪಾಲಿ ಎಂಬ ಹಳ್ಳಿಗೆ ಅವರು ಹೋದಾಗ ಜನ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದರು. ಆ ಭಾಗದಲ್ಲಿ ಮಾತು ಕಳೆದುಕೊಂಡ ಒಬ್ಬ ಹೆಂಗಸಿದ್ದಳು. ಹುಲ್ಲು ಕೊಯ್ಯುವಾಗ ಅವಳ ಕಣ್ಣೆದುರೇ ಅಕ್ಕನನ್ನು ಹುಲಿ ಹೊತ್ತೊಯ್ದಿತ್ತು. ಕುಡುಗೋಲು ಹಿಡಿದು ಕೂಗುತ್ತಾ ಅದರ ಹಿಂದೆ ಓಡಿದ್ದಳು. ಹುಲಿ ತಿರುಗಿ ನಿಂತಾಗ ವಾಪಸು ಓಡಿಬಂದಳು. ಅಂದಿನಿಂದ ಅವಳ ಬಾಯಿಂದ ಮಾತು ಹೊರಡಲಿಲ್ಲ.

ಕೊನೆಗೆ ಚಂಪಾವತ್ ಬಳಿ ಕಾರ್ಬೆಟ್ ಆ ಹುಲಿಯನ್ನು ಕಂಡರು. ಅಲ್ಲಿನ ತಹಶೀಲ್ದಾರರು 298 ಜನರನ್ನು ಕೂಡಿಸಿಕೊಟ್ಟರು. ಯಾರ ಕೋವಿಗೆ ಪರವಾನಗಿ ಇದೆ, ಯಾರದಕ್ಕಿಲ್ಲ ಎಂದು ಅಂದು ಅವರು ಕೇಳಲಿಲ್ಲ. ಜನ ಗುಡ್ಡದ ಮೇಲಿನಿಂದ ಗದ್ದಲವೆಬ್ಬಿಸಿ ಹುಲಿಯನ್ನು ಕಣಿವೆಯತ್ತ ಓಡಿಸಿದರು. ಕಾರ್ಬೆಟ್ ಬಳಿ ಇದ್ದದ್ದು ಮೂರೇ ತೋಟಾ. ಅವು ಮುಗಿದಾಗ ಗಾಯಗೊಂಡ ಹುಲಿ ಇನ್ನೂ ನಿಂತಿತ್ತು. ಅವರು ಓಡಿಹೋಗಿ ತಹಶೀಲ್ದಾರರ ಹಳೆಯ ಕೋವಿ ಇಸಿದುಕೊಂಡು ಬಂದು, ಹತ್ತಿರ ಹೋಗಿ ಕೊನೆಯ ಗುಂಡು ಹಾರಿಸಿದರು. ಗಾಯ ಮಾಡಿ ಬಿಟ್ಟು ಬರುವುದು ಅವರ ಪದ್ಧತಿಯಲ್ಲ.

ಸತ್ತ ಹುಲಿಯನ್ನು ಪರೀಕ್ಷಿಸಿದಾಗ ಕತೆಯ ಮೊದಲ ಪುಟ ಸಿಕ್ಕಿತು. ಅದರ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ದವಡೆಯ ಮೂಳೆಯವರೆಗೆ. ವರ್ಷಗಳ ಹಿಂದೆ ಯಾರೋ ಹಾರಿಸಿದ ಗುಂಡಿನ ಕೆಲಸ ಅದು. ಪ್ರಾಣಿಶಾಸ್ತ್ರ ಓದಿದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಹುಲಿ ಬೇಟೆಯನ್ನು ಕೊಲ್ಲುವುದೇ ಕೋರೆಹಲ್ಲಿನಿಂದ, ಕುತ್ತಿಗೆ ಹಿಡಿದು. ಹಲ್ಲೇ ಇಲ್ಲದ ಮೇಲೆ ಕಡವೆಯನ್ನು ಹಿಡಿದು ಕೆಡವುವುದು ಕಷ್ಟ. ಹುಲ್ಲು ಕೊಯ್ಯುವ ಹೆಂಗಸು ಸುಲಭ. ಯಾರೋ ಒಬ್ಬ ಗುಂಡು ಹಾರಿಸಿ, ಗುರಿ ತಪ್ಪಿ, ಹುಡುಕದೆ ಮನೆಗೆ ಹೋದ. ಅದರ ಲೆಕ್ಕ ಕೊನೆಗೆ 436 ಜೀವ.

ಮರಳುವಾಗ ಕಾರ್ಬೆಟ್ ಆ ಮಾತಿಲ್ಲದ ಹೆಂಗಸಿಗೆ ಹುಲಿಯ ಚರ್ಮ ತೋರಿಸಿದರು. ಅವಳಿಗೆ ಮಾತು ಮರಳಿತು. ಊರವರನ್ನು ಕೂಗಿ ಕರೆಯುತ್ತಾ ಓಡಿದಳು. ಕೆಲವು ತಿಂಗಳ ನಂತರ ನೈನಿತಾಲ್ ದರ್ಬಾರಿನಲ್ಲಿ ಚಂಪಾವತ್‌ನ ತಹಶೀಲ್ದಾರರಿಗೆ ಒಂದು ಕೋವಿಯನ್ನೂ, ಹುಡುಕಾಟದಲ್ಲಿ ಜೊತೆಗೆ ನಡೆದ ಹಳ್ಳಿಯವನಿಗೆ ಒಂದು ಬೇಟೆಚೂರಿಯನ್ನೂ ಲೆಫ್ಟಿನೆಂಟ್ ಗವರ್ನರ್ ಉಡುಗೊರೆ ಕೊಟ್ಟರು.

500 ಜನರ ಜೊತೆ ಯುದ್ಧಕ್ಕೆ

ಮೊದಲ ಮಹಾಯುದ್ಧ ಬಂತು. ಕಾರ್ಬೆಟ್ 40 ದಾಟಿದ್ದರು. 1917ರಲ್ಲಿ ಕುಮಾವೂಂ ಹಳ್ಳಿಗಳಿಂದ 500 ಜನರನ್ನು ಸೇರಿಸಿ ಒಂದು ದುಡಿಮೆಯ ಪಡೆ ಕಟ್ಟಿ, ಕ್ಯಾಪ್ಟನ್ ಆಗಿ ಫ್ರಾನ್ಸಿಗೆ ಕರೆದುಕೊಂಡು ಹೋದರು. ಇವರು ಗುಂಡು ಹಾರಿಸುವವರಲ್ಲ. ರಸ್ತೆ ಮಾಡುವ, ಹೊರೆ ಹೊರುವ, ಕಂದಕ ತೋಡುವ ಬಡ ರೈತರು. ಊರು ಬಿಟ್ಟು ಹೋಗಿರದವರು, ಹಡಗು ನೋಡಿರದವರು. ಅವರ ಊಟ, ಬಟ್ಟೆ, ಕಾಯಿಲೆ, ಜಾತಿಯ ಕಟ್ಟುಪಾಡು ಎಲ್ಲವನ್ನೂ ಕಾರ್ಬೆಟ್ ತಾವೇ ನೋಡಿಕೊಂಡರು. ಅವರ ಭಾಷೆ ಗೊತ್ತಿದ್ದ ಅಧಿಕಾರಿ ಅವರು. ಆ ಜನರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಮನೆ ಸೇರಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಮೇಜರ್ ಆಗಿದ್ದರು. ನಂತರ ವಜೀರಿಸ್ತಾನದ ಗಡಿಯಲ್ಲೂ ಸೇವೆ ಮಾಡಿದರು.

ಈ ಮಾತನ್ನು ಇಲ್ಲಿ ಹೇಳಲು ಕಾರಣವಿದೆ. ಮರೆಯಲ್ಲಿ ಕೂತು ಗುರಿ ಹಿಡಿಯುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಆದರೆ ಯುದ್ಧದಲ್ಲಿ ಅವರು ಹೆಸರು ಮಾಡಿದ್ದು ಎಷ್ಟು ಜನರನ್ನು ಕೊಂದರು ಎಂದಲ್ಲ, ಎಷ್ಟು ಜನರನ್ನು ಕಾಪಾಡಿದರು ಎಂದು.

ರುದ್ರಪ್ರಯಾಗದ ಚಿರತೆ

ಕೇದಾರನಾಥ, ಬದರಿನಾಥಕ್ಕೆ ಹೋಗುವ ಯಾತ್ರಿಕರ ದಾರಿಯಲ್ಲಿ ರುದ್ರಪ್ರಯಾಗವಿದೆ. 1918ರಿಂದ 1926ರವರೆಗೆ ಎಂಟು ವರ್ಷ ಆ ದಾರಿಯಲ್ಲಿ ಒಂದು ಚಿರತೆ 125 ಜನರನ್ನು ಕೊಂದಿತು. ಇದು ಹೇಗೆ ಶುರುವಾಯಿತು ಎಂಬುದಕ್ಕೂ ಕಾರ್ಬೆಟ್ ಕಾರಣ ಹುಡುಕಿದರು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಬೆಟ್ಟದ ಹಳ್ಳಿಗಳಲ್ಲಿ ಸಾಲುಸಾಲಾಗಿ ಜನ ಸತ್ತರು. ಸುಡಲು ಸೌದೆ ಹೊರುವವರೂ ಇಲ್ಲದೆ ಶವದ ಬಾಯಿಗೆ ಕೆಂಡವಿಟ್ಟು ಕಣಿವೆಗೆ ಬಿಡುತ್ತಿದ್ದರು. ಚಿರತೆ ಮನುಷ್ಯರ ಮಾಂಸದ ರುಚಿ ಕಂಡದ್ದು ಹಾಗೆ ಎಂದು ಅವರು ತಿಳಿದರು.

ಈ ಚಿರತೆಯ ವಿರುದ್ಧ ಸರ್ಕಾರ ಮಾಡದ ಉಪಾಯವಿಲ್ಲ. ಹತ್ತು ಸಾವಿರ ರೂಪಾಯಿ ಮತ್ತು ಎರಡು ಹಳ್ಳಿ ಬಹುಮಾನ ಸಾರಿದರು. ಆ ಸೀಮೆಯಲ್ಲಿ ಆಗಲೇ ನಾಲ್ಕು ಸಾವಿರ ಕೋವಿ ಪರವಾನಗಿಗಳಿದ್ದವು. ಅದರ ಮೇಲೆ ಈ ಚಿರತೆಗೆಂದೇ ಮುನ್ನೂರಕ್ಕೂ ಹೆಚ್ಚು ಹೊಸ ಪರವಾನಗಿ ಕೊಟ್ಟರು. ಲ್ಯಾನ್ಸ್‌ಡೌನ್ ದಂಡಿನ ಗಢವಾಲಿ ಸೈನಿಕರಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಸೈನ್ಯದ ರೈಫಲ್ ಜೊತೆಗೊಯ್ಯಲು ಅನುಮತಿ ಸಿಕ್ಕಿತು. ಬೋನು, ವಿಷ, ಸಿಡಿಮದ್ದು ಎಲ್ಲ ಬಳಸಿದರು.

1921ರಲ್ಲಿ ಇಬ್ಬರು ಯುವ ಬ್ರಿಟಿಷ್ ಅಧಿಕಾರಿಗಳು ಬಂದರು. ಚಿರತೆ ನದಿ ದಾಟಲು ರಾತ್ರಿ ತೂಗುಸೇತುವೆಯನ್ನೇ ಬಳಸುತ್ತದೆ ಎಂದು ಊಹಿಸಿ, ಎರಡೂ ತುದಿಯ ಗೋಪುರಗಳ ಮೇಲೆ ಒಬ್ಬೊಬ್ಬರು ಕುಳಿತರು. ಎರಡು ತಿಂಗಳು ಕಾದರು. ಒಂದು ರಾತ್ರಿ ಚಿರತೆ ನಿಜವಾಗಿಯೂ ಬಂತು. ಒಬ್ಬರು ರೈಫಲ್ ಹಾರಿಸಿದರು. ಅದು ಎದುರು ದಡಕ್ಕೆ ಓಡಿತು. ಅಲ್ಲಿದ್ದವರು ರಿವಾಲ್ವರ್‌ನ ಆರೂ ಗುಂಡು ಖಾಲಿ ಮಾಡಿದರು. ಬೆಳಿಗ್ಗೆ ಸೇತುವೆ ಮೇಲೆ ರಕ್ತ ಕಂಡಿತು. ಎಷ್ಟು ಹುಡುಕಿದರೂ ಚಿರತೆ ಸಿಗಲಿಲ್ಲ. ಗುಂಡು ಹಿಂಗಾಲಿನ ಬೆರಳಿಗೆ ಮಾತ್ರ ತಗುಲಿತ್ತು. ಅದು ಇನ್ನೂ ಐದು ವರ್ಷ ಬದುಕಿ ಕೊಲ್ಲುತ್ತಾ ಹೋಯಿತು.

ಕಾರ್ಬೆಟ್ 1925ರಲ್ಲಿ ಬಂದರು. ಅದೇ ಸೇತುವೆಯ ಗೋಪುರದ ಮೇಲೆ ತಾವೂ ಇಪ್ಪತ್ತು ರಾತ್ರಿ ಗಾಳಿಗೆ ನಡುಗುತ್ತಾ ಕುಳಿತರು. ಏನೂ ಬರಲಿಲ್ಲ. ಅವರೂ ಹಲವು ಸಲ ಸೋತರು. ಎರಡು ದಾಳಿಗಳ ನಡುವಿನ ದಿನಗಳನ್ನು ಎಣಿಸಿದರು, ಹೆಜ್ಜೆಗುರುತು ಅಳೆದರು, ಅದರ ದಾರಿ ಗುರುತಿಸಿದರು. ಆ ಹಿಂಗಾಲಿನ ಗುರುತಿನಿಂದಲೇ ತಾವು ಹುಡುಕುತ್ತಿರುವ ಚಿರತೆ ಇದೇ ಎಂದು ಖಚಿತಪಡಿಸಿಕೊಂಡರು. 1926ರ ಮೇ ತಿಂಗಳ ಆರಂಭದಲ್ಲಿ, ಗುಲಾಬ್ರಾಯ್ ಎಂಬಲ್ಲಿ ದಾರಿಬದಿಯ ಮಾವಿನ ಮರದಲ್ಲಿ ಕುಳಿತಿದ್ದಾಗ, ಕೆಳಗೆ ಕಟ್ಟಿದ್ದ ಆಡಿನ ಕೊರಳ ಗಂಟೆ ಸದ್ದು ಮಾಡಿತು. ಟಾರ್ಚ್ ಹಾಕಿ ಒಂದೇ ಗುಂಡು ಹಾರಿಸಿದರು.

ಬೆಳಿಗ್ಗೆ ನೋಡಿದರೆ ಅದು ಹಲ್ಲು ಸವೆದ ಮುದಿ ಗಂಡು ಚಿರತೆ. ಇಡೀ ಗಢವಾಲ ಯಾವುದನ್ನು ಪಿಶಾಚಿ ಎಂದು ಹೆದರಿತ್ತೋ ಅದು ಇಷ್ಟೇ. ಅದು ತಪ್ಪು ಮಾಡಿದ್ದು ಮನುಷ್ಯನ ಕಾನೂನಿಗೆ ವಿರುದ್ಧವಾಗಿ ಮಾತ್ರ, ಪ್ರಕೃತಿಯ ಕಾನೂನಿಗಲ್ಲ, ಅದು ಬದುಕಲು ಕೊಂದಿತ್ತು ಎಂದು ಕಾರ್ಬೆಟ್ ನಂತರ ಬರೆದರು. ದ್ವೇಷವಿಲ್ಲದೆ ಕೊಲ್ಲಬೇಕಾಗಿ ಬಂದ ಕೆಲಸ ಅದು.

ಬಂದೂಕಿನಿಂದ ಕ್ಯಾಮೆರಾಕ್ಕೆ

ಕಾರ್ಬೆಟ್ ಅವರನ್ನು ಮೊದಲಿನಿಂದಲೂ ಸಂತನಂತೆ ಚಿತ್ರಿಸುವುದು ಸರಿಯಲ್ಲ. ಅವರೂ ಇಷ್ಟಕ್ಕಾಗಿ ಬೇಟೆಯಾಡಿದವರು. 1930ರಲ್ಲಿ ಪೊವಾಲ್‌ಗಢದ ದೊಡ್ಡ ಗಂಡುಹುಲಿಯೊಂದನ್ನು ಹೊಡೆದರು. ಅದು ನರಭಕ್ಷಕವಲ್ಲ, ಅದರ ಗಾತ್ರಕ್ಕಾಗಿ ಬೇಟೆಗಾರರೆಲ್ಲ ಆಸೆಪಟ್ಟ ಹುಲಿ. ವೈಸ್‌ರಾಯ್ ಲಿನ್ಲಿತ್‌ಗೋ ಅವರಿಗೆ ಶಿಕಾರಿ ಏರ್ಪಡಿಸಿಕೊಟ್ಟವರೂ ಅವರೇ. ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ.

ಆದರೆ ಆಯಿತು. ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಅವರು ರಾತ್ರಿಯ ಕಾಡಿನಲ್ಲಿ ಹುಲಿಗಳ ಫೋಟೋ ತೆಗೆದು 1927ರಲ್ಲಿ ಪುಸ್ತಕ ತಂದಿದ್ದರು. ಅದರಿಂದ ಪ್ರೇರಣೆ ಪಡೆದು ಕಾರ್ಬೆಟ್ ಸಿನಿಮಾ ಕ್ಯಾಮೆರಾ ಹಿಡಿದು ತೊರೆಯ ದಂಡೆಯಲ್ಲಿ ಕೂರತೊಡಗಿದರು. ಹುಲಿಯ ಫೋಟೋ ತೆಗೆಯುವುದು ಹುಲಿಯನ್ನು ಹೊಡೆಯುವುದಕ್ಕಿಂತ ಕಷ್ಟ ಎಂಬುದು ಅವರ ಅನುಭವ. ಇನ್ನೂ ಹತ್ತಿರ ಹೋಗಬೇಕು, ಇನ್ನೂ ಹೆಚ್ಚು ಕಾಯಬೇಕು. ಶಾಲೆಗಳಿಗೆ ಹೋಗಿ ಹಕ್ಕಿ, ಪ್ರಾಣಿಗಳ ಕೂಗು ಅನುಕರಿಸಿ ಮಕ್ಕಳಿಗೆ ಕಾಡಿನ ಪಾಠ ಹೇಳಿದರು. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ, ಆಗಿನ ಹೆಸರು ಹೇಲಿ, ಸ್ಥಾಪನೆಯಾಗಲು ಅವರ ಪ್ರಯತ್ನವೂ ಕಾರಣ.

ನರಭಕ್ಷಕ ಎಂದು ಖಚಿತವಾದ ಪ್ರಾಣಿಗೆ ಮಾತ್ರ ಅವರ ರೈಫಲ್ ಹೊರಬರುತ್ತಿತ್ತು. 1938ರಲ್ಲಿ, 63ನೆಯ ವಯಸ್ಸಿನಲ್ಲಿ, ಥಾಕ್ ಎಂಬ ಹಳ್ಳಿಯ ಹುಲಿಯೊಂದಿಗೆ ಆ ಕೆಲಸವನ್ನೂ ನಿಲ್ಲಿಸಿದರು. ಇಷ್ಟು ವರ್ಷಗಳಲ್ಲಿ ಅವರು ಕಂಡ ಸತ್ಯ ಇದು: ಹುಲಿ ಹುಟ್ಟಿನಿಂದ ನರಭಕ್ಷಕವಲ್ಲ, ಗಾಯ ಅಥವಾ ಮುಪ್ಪು ಅದನ್ನು ಹಾಗೆ ಮಾಡುತ್ತದೆ. ಮುಕ್ತೇಶ್ವರದ ಹುಲಿಗೆ ಮುಳ್ಳುಹಂದಿಯ ಸುಮಾರು 50 ಮುಳ್ಳು ಚುಚ್ಚಿ, ಒಂದು ಕಣ್ಣು ಹೋಗಿತ್ತು. ಮುಳ್ಳುಹಂದಿಯ ಮುಳ್ಳಿಗೆ ನಾವು ಹೊಣೆಯಲ್ಲ. ಗುಂಡಿಗೆ ಹೊಣೆ.

ಕಾಡಿನ ಮೇಷ್ಟ್ರು ಕರ್ನಲ್

ಎರಡನೆಯ ಮಹಾಯುದ್ಧ ಬಂದಾಗ ಅವರಿಗೆ 60 ದಾಟಿತ್ತು. ಆದರೂ ಕುಮಾವೂಂ ಜನರನ್ನು ಸೈನ್ಯಕ್ಕೆ ಸೇರಿಸುವ, ಸೈನಿಕರ ಕುಟುಂಬಗಳ ಯೋಗಕ್ಷೇಮ ನೋಡುವ ಕೆಲಸ ವಹಿಸಿಕೊಂಡರು. ಕಠಿಣವಾದ ಜ್ವರ ಬಂದು ಬದುಕಿದ್ದೇ ಹೆಚ್ಚಾಯಿತು. ಚೇತರಿಸಿಕೊಂಡ ಮೇಲೆ 1944ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ಮಧ್ಯಪ್ರಾಂತ್ಯದ ಛಿಂದ್ವಾರಾದಲ್ಲಿ, ಬರ್ಮಾದ ಕಾಡುಗಳಿಗೆ ಹೊರಟ ಸೈನಿಕರಿಗೆ ಕಾಡಿನಲ್ಲಿ ಬದುಕುವ ವಿದ್ಯೆ ಕಲಿಸಿದರು. ಊರಿನಲ್ಲಿ ಬೆಳೆದ ಯುವಕರಿಗೆ ಕಾಡೆಂದರೆ ಭಯ. ಹೆಜ್ಜೆಗುರುತು ಓದುವುದು, ಹಕ್ಕಿಯ ಎಚ್ಚರಿಕೆಯ ಕೂಗು ಕೇಳಿ ಹತ್ತಿರ ಯಾರಿದ್ದಾರೆಂದು ತಿಳಿಯುವುದು, ಸದ್ದಿಲ್ಲದೆ ನಡೆಯುವುದು ಕಲಿತ ಮೇಲೆ ಆ ಭಯ ಕಡಿಮೆಯಾಗುತ್ತದೆ. ಹಿಂದೆ ಸೈನ್ಯ ಬೇಟೆಯಿಂದ ಏನು ಕಲಿಯಬಹುದು ಎಂದುಕೊಂಡಿತ್ತೋ ಅದನ್ನು ಅವರು ಪ್ರಾಣಿ ಕೊಲ್ಲದೆಯೇ ಕಲಿಸಿದರು.

ಅದೇ 1944ರಲ್ಲಿ ಕುಮಾವೂಂನ ನರಭಕ್ಷಕಗಳ ಬಗ್ಗೆ ಅವರ ಪುಸ್ತಕ ಹೊರಬಂತು. ಜಗತ್ತಿನ ತುಂಬ ಓದಿದರು. ಅದರ ಮೊದಲ ಮುದ್ರಣದಿಂದ ಬಂದ ಗೌರವಧನವನ್ನು ಅವರು ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರ ನಿಲಯಕ್ಕೆ ಕೊಟ್ಟುಬಿಟ್ಟರು.

1947ರ ಕೊನೆಗೆ ಅಕ್ಕ ಮ್ಯಾಗಿಯ ಜೊತೆ ಕೀನ್ಯಾಕ್ಕೆ ಹೋಗಿ ನ್ಯೇರಿ ಎಂಬ ಊರಿನಲ್ಲಿ ನೆಲೆಸಿದರು. ಕಾದಿರ್ ಕಪ್ ಗೆದ್ದ ಬೇಡನ್ ಪೊವೆಲ್ ಕೊನೆಯ ದಿನಗಳನ್ನು ಕಳೆದ ಮನೆಯಲ್ಲೇ ಇವರೂ ವಾಸವಿದ್ದರು. ಕಾಲಾಢುಂಗಿ ಬಳಿಯ ಛೋಟಿ ಹಲ್ದ್ವಾನಿಯಲ್ಲಿದ್ದ ತಮ್ಮ ಜಮೀನನ್ನು ಅಲ್ಲಿ ಉಳುತ್ತಿದ್ದ ರೈತರಿಗೇ ಬಿಟ್ಟುಕೊಟ್ಟಿದ್ದರು. 1955ರ ಏಪ್ರಿಲ್ 19ರಂದು, 79ನೆಯ ವಯಸ್ಸಿನಲ್ಲಿ ನ್ಯೇರಿಯಲ್ಲಿ ತೀರಿಕೊಂಡರು. ಮುಂದೆ ಹೇಲಿ ಉದ್ಯಾನಕ್ಕೆ ಅವರ ಹೆಸರಿಡಲಾಯಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದದ್ದು ಅಲ್ಲಿಂದಲೇ. ಆಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಪಕ್ಕದ ಬಂಡೀಪುರವೂ ಒಂದು.

ನಮ್ಮ ಪಾಲಿನ ಹೊಣೆ

1972ರ ವನ್ಯಜೀವಿ ಕಾನೂನು ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಸೈನಿಕರ ಗುರಿವಿದ್ಯೆ ಈಗ ಕಾಡಿನಿಂದ ಮೈದಾನಕ್ಕೆ ಬಂದಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ರಾಜ್ಯವರ್ಧನ್ ರಾಠೋಡ್ ಆಗ ಸೈನ್ಯದ ಮೇಜರ್. 2012ರ ಲಂಡನ್‌ನಲ್ಲಿ ಪಿಸ್ತೂಲಿನಿಂದ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಸೈನ್ಯದ ಸುಬೇದಾರ್. ನಮ್ಮ ಯುವಜನರಲ್ಲೂ ಎನ್‌ಸಿಸಿ ಶಿಬಿರದಲ್ಲಿ ರೈಫಲ್ ಹಿಡಿದವರಿದ್ದಾರೆ, ಸೈನ್ಯ ಸೇರಲು ತಯಾರಿ ನಡೆಸುತ್ತಿರುವವರಿದ್ದಾರೆ. ನಿಮಗೆ ಆ ಆಸಕ್ತಿ ಇದ್ದರೆ ಖಂಡಿತ ಬೆಳೆಸಿಕೊಳ್ಳಿ. ಉಸಿರು ಹಿಡಿತದಲ್ಲಿಟ್ಟು, ಮನಸ್ಸು ಒಂದೆಡೆ ನಿಲ್ಲಿಸುವ ಒಳ್ಳೆಯ ವಿದ್ಯೆ ಅದು.

ಆದರೆ ಊರಿನ ಅಂಚಿನಲ್ಲಿ ಗಾಯ ಮಾಡುವ ಕೆಲಸ ನಿಂತಿಲ್ಲ. ಕಾಡುಹಂದಿಗೆಂದು ಕಟ್ಟಿದ ತಂತಿಯ ಉರುಳಿಗೆ ಚಿರತೆ ಸಿಕ್ಕಿಹಾಕಿಕೊಳ್ಳುತ್ತದೆ. ಹಣ್ಣಿನೊಳಗೆ ಸಿಡಿಮದ್ದು ಇಟ್ಟರೆ ಯಾವ ಪ್ರಾಣಿ ಕಚ್ಚುತ್ತದೋ ಯಾರಿಗೆ ಗೊತ್ತು? 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಸಿಡಿದ ಗರ್ಭಿಣಿ ಆನೆಯೊಂದು ನದಿಯ ನೀರಿನಲ್ಲಿ ನಿಂತಲ್ಲೇ ಸತ್ತಿತು. ಅದು ಯಾರಿಗೂ ತೊಂದರೆ ಕೊಡದೆ ಸತ್ತಿತು. ಎಲ್ಲ ಗಾಯಗೊಂಡ ಪ್ರಾಣಿಗಳೂ ಹಾಗೆ ಸಾಯುವುದಿಲ್ಲ.

ಬೆಳೆ ಕಳೆದುಕೊಂಡ ರೈತನ ಕೋಪ ನನಗೆ ಅರ್ಥವಾಗುತ್ತದೆ. ಒಂದು ರಾತ್ರಿಯಲ್ಲಿ ಆರು ತಿಂಗಳ ದುಡಿಮೆ ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಪರಿಹಾರ ತಡವಾಗುವುದೂ ನಿಜ. ಅದಕ್ಕಾಗಿ ಎಲ್ಲರೂ ಸೇರಿ ಕೇಳೋಣ, ಅರ್ಜಿ ಬರೆಯಲು ಯುವಜನ ಸಂಘದವರು ನೆರವಾಗುತ್ತೇವೆ. ಉರುಳು, ಸಿಡಿಮದ್ದು ಮಾತ್ರ ಬೇಡ. ಅವು ಕೊಲ್ಲುವುದಕ್ಕಿಂತ ಹೆಚ್ಚಾಗಿ ಗಾಯ ಮಾಡುತ್ತವೆ. ಚಂಪಾವತ್‌ನ ಹುಲಿಗೆ ಗುಂಡು ಹೊಡೆದವನ ಹೆಸರು ಇಂದಿಗೂ ಯಾರಿಗೂ ತಿಳಿಯದು. ಅವನು ಹೊಡೆದ ಗುಂಡಿನ ಸಾಲ ತೀರಿಸಿದವರು ಹುಲ್ಲು ಕೊಯ್ಯಲು, ಸೌದೆ ತರಲು ಹೋದ ಹೆಂಗಸರು ಮತ್ತು ಮಕ್ಕಳು.

ಗಾಯಗೊಂಡ ಅಥವಾ ಉರುಳಿಗೆ ಸಿಕ್ಕ ಪ್ರಾಣಿ ನಿಮ್ಮ ಕಡೆ ಕಂಡರೆ ಹತ್ತಿರ ಹೋಗಬೇಡಿ, ಗುಂಪು ಸೇರಿಸಬೇಡಿ, ಮೊಬೈಲ್ ಹಿಡಿದು ವಿಡಿಯೋ ಮಾಡಲು ನಿಲ್ಲಬೇಡಿ. ತಕ್ಷಣ ಅರಣ್ಯ ಇಲಾಖೆಗೆ ತಿಳಿಸಿ, ದನ ಮೇಯಿಸಲು ಹೋದವರನ್ನು ಕರೆಸಿಕೊಳ್ಳಿ, ಪಕ್ಕದ ಮನೆಯ ಮಕ್ಕಳನ್ನು ಒಳಗೆ ಇರಿಸಿ. ಆ ದಿನ ನೀವು ಮಾಡಿದ ಒಂದು ಫೋನ್ ಕರೆ ಮುಂದೆ ಯಾರ ಜೀವ ಉಳಿಸಿತು ಎಂಬುದು ನಿಮಗೆ ತಿಳಿಯದೇ ಹೋಗಬಹುದು. ಪರವಾಗಿಲ್ಲ, ಉಳಿದರೆ ಸಾಕು.